ಎರಡು ಮಿಲಿಮೀಟರು

ವಾರ್ಡ್ ಆಫೀಸಿನ ಗೋಡೆಗೆ ನೋಟೀಸು ಅಂಟಿಸಿದ್ದಾರೆ:
ಆಕ್ಷೇಪ, ಸಲಹೆ ಇದ್ದವರು ಮೂವತ್ತು ದಿನದೊಳಗೆ
ಬರೆದು ಕೊಡತಕ್ಕದ್ದು.
ಅಂಟಿಸಿದ್ದು ಇಪ್ಪತ್ತೆಂಟನೆಯ ದಿನ.
ಅಂಟು ಇನ್ನೂ ಹಸಿ.

ಪುಣೆಯ ನಮ್ಮ ಕಾಸಾರ ಆಳಿಯಲ್ಲಿ
ಬೆಸ ತಾರೀಖಿಗೆ ಗಾಡಿಗಳು ಎಡಕ್ಕೆ ನಿಲ್ಲುತ್ತವೆ,
ಸಮ ತಾರೀಖಿಗೆ ಬಲಕ್ಕೆ.
ಮೂವತ್ತೊಂದರ ಮರುದಿನ ಒಂದು; ಎರಡೂ ಬೆಸ.
ಆ ರಾತ್ರಿ ಮಾತ್ರ ಓಣಿ
ಮಗ್ಗುಲು ಬದಲಿಸದೆ ನಿದ್ದೆ ಮಾಡುತ್ತದೆ.

ಈಗ ದಾಮಲೆಯವರ ವಾಡೆ ಕೆಡವಿ ಏಳಂತಸ್ತು ಬರಲಿದೆ.
ಕೆಳಗೆ ಬರೀ ಕಂಬ, ಕಂಬಗಳ ನಡುವೆ ಹದಿನಾಲ್ಕು ಕಾರು.
ಒಂದು ಕಾರಿಗೆ ಎರಡೂವರೆ ಮೀಟರು ಅಗಲ, ಐದು ಉದ್ದ.
ನಾನು ಮದುವೆಯಾಗಿ ಬಂದ ಖೋಲಿ
ಅದಕ್ಕಿಂತ ಒಂದು ಗೇಣು ಸಣ್ಣದು.
ಆರು ಜನ ಇದ್ದೆವು, ಜೊತೆಗೊಂದು ಹೊಲಿಗೆ ಯಂತ್ರ.
ಜಗಳ ನಿಲ್ಲಿಸಲು ಮಾತ್ರ ಜಾಗ ಇರಲಿಲ್ಲ.

ಇಪ್ಪತ್ತೊಂಬತ್ತು ವರ್ಷ ಇದೇ ಪಾಲಿಕೆಯಲ್ಲಿ ನಾನು ಟ್ರೇಸರ್.
ಇಂಡಿ ತಾಲೂಕಿನ ಶಾಲೆ ಕಲಿಸಿದ ದುಂಡು ಅಕ್ಷರಕ್ಕೆ ಸಿಕ್ಕ ನೌಕರಿ.
ಸಾಹೇಬರು ಪೆನ್ಸಿಲಿನಲ್ಲಿ ಹಾಕಿದ ಗೆರೆಯ ಮೇಲೆ
ಮೇಣಗಾಗದ ಹಾಸಿ, ಉಸಿರು ಹಿಡಿದು,
ಇಂಕಿನ ಗೆರೆ ಎಳೆಯುವುದು.
ಯೋಚಿಸಬಾರದು ಎಂಬುದೇ ಷರತ್ತು.
ಕೆಂಪು ಗೆರೆ ಅಂದರೆ ರಸ್ತೆ ಅಗಲವಾಗುತ್ತದೆ:
ಗೆರೆಯ ಒಳಗೆ ಬಿದ್ದವರು ಒಂದು ದಿನ ಹೊರಗೆ ಬೀಳುತ್ತಾರೆ.

ನಮ್ಮ ಓಣಿಯ ಹಾಳೆ ನನ್ನ ಮೇಜಿಗೇ ಬಂತು, ಒಂದು ಮೇ ತಿಂಗಳು.
ಹಾಳೆ ಹಾರೀತೆಂದು ಫ್ಯಾನ್ ಹಾಕದ ಕೋಣೆ.
ಮೂಲೆಯಲ್ಲಿ ದ್ಯಾವಪ್ಪನ ಪೆಟ್ಟಿಗೆ ಇತ್ತು,
ನಕ್ಷೆಯಲ್ಲಿ ಇರಲಿಲ್ಲ.
ಚಪ್ಪಲಿ ಹೊಲಿಯುವವರು ನಕ್ಷೆಗೆ ಕಾಣುವುದಿಲ್ಲ.
ಅವತ್ತು ಬೆಳಿಗ್ಗೆಯಷ್ಟೇ ನನ್ನ ಕಿತ್ತ ಅಂಗುಷ್ಠ ಹೊಲಿದು
ಚಿಲ್ಲರೆಗೆ ತಡಕಾಡುವವಳನ್ನು ತಡೆದು
‘ನಾಳಿ ಕೊಡ್ರಿ ಅಕ್ಕಾರ, ಎಲ್ಲಿ ಓಡಿ ಹೊಕ್ಕೀರಿ’ ಅಂದಿದ್ದ,
ನಮ್ಮ ಕಡೆಯ ಮಾತಿನಲ್ಲಿ.

ಗೆರೆ ಅಲ್ಲಿಗೆ ಬಂದಾಗ
ಕೈ ಎರಡು ಮಿಲಿಮೀಟರು ಆಚೆ ಸರಿಯಿತು.
ಐನೂರಕ್ಕೆ ಒಂದರ ಅಳತೆ;
ನೆಲದ ಮೇಲೆ ಒಂದು ಮೀಟರು.
ಓಗಲೆ ಸಾಹೇಬರು ಸಹಿ ಹಾಕಿದರು,
ಅವರ ಮೇಲಿನವರು, ಅವರಿಗೂ ಮೇಲಿನವರು.
ಮುಂಬಯಿಗೆ ಹೋಗಿ ಮುದ್ರೆ ಒತ್ತಿಸಿಕೊಂಡು ಬಂತು.
ಲಂಚ ಮುಟ್ಟಿದವಳಲ್ಲ ನಾನು.
ನಿಜ ಹೇಳಬೇಕೆಂದರೆ ಎಂಟಾಣೆ ನಾನೇ ಬಾಕಿ.

ಇವತ್ತು ವಿಚಾರಣೆ.
ಬಿಲ್ಡರನ ಕಡೆಯ ಹುಡುಗ ಗೋಡೆಯ ಮೇಲೆ
ನನ್ನ ಗೆರೆಯನ್ನು ಹುಲಿಯಷ್ಟು ದೊಡ್ಡದು ಮಾಡಿ ತೋರಿಸಿದ.
‘ಇಲ್ಲಿ ಡೊಂಕಿದೆ ಸರ್. ಫೈಲಿನಲ್ಲಿ ಕಾರಣ ಇಲ್ಲ.
ನೆಟ್ಟಗೆ ಮಾಡಿದರೆ ಇನ್ನೊಂದು ಕಾರು ಕೂರುತ್ತದೆ.’
ಅಧಿಕಾರಿ ಕನ್ನಡಕ ಏರಿಸಿದರು:
ಈ ಡೊಂಕಿನ ಬಗ್ಗೆ ಯಾರಿಗಾದರೂ ಗೊತ್ತೇ?

ಎದ್ದು ನಿಂತೆ. ಮೊಣಕಾಲು ಸದ್ದು ಮಾಡಿತು.
‘ಅಲ್ಲಿ ಒಬ್ಬ ಕೂತಿರುತ್ತಿದ್ದ.’
‘ಈಗ?’

ದ್ಯಾವಪ್ಪ ಹೋಗಿ ಹನ್ನೊಂದು ವರ್ಷ.
ಖಾಲಿಯಾದ ಆ ಮೀಟರಿನಲ್ಲಿ, ಮರುವಾರವೇ,
ನಮ್ಮವರು ಸ್ಕೂಟರು ತಂದು ನಿಲ್ಲಿಸಿದರು.
ನಾನು ನೋಡಿದೆ. ಏನೂ ಅನ್ನಲಿಲ್ಲ.
ಆಮೇಲೆ ನಮ್ಮವರೂ ಹೋದರು.
ತಾಡಪತ್ರಿ ಹೊದ್ದು ಅದು ಅಲ್ಲೇ ಇದೆ, ಎರಡೂ ಚಕ್ರ ನೆಲಕಚ್ಚಿ,
ಸಮಕ್ಕೂ ಬಗ್ಗದೆ, ಬೆಸಕ್ಕೂ ಬಗ್ಗದೆ.

‘ಈಗ ನಮ್ಮ ಸ್ಕೂಟರು’ ಎಂದೆ.
ಸಭೆಯಲ್ಲಿ ನಗೆ. ಹುಡುಗನೂ ನಕ್ಕ, ಕೆಟ್ಟವನಲ್ಲ,
ಕುರ್ಚಿ ಎಳೆದು ಕೊಟ್ಟ.
ಗುಮಾಸ್ತ ಬರೆದುಕೊಂಡ: ಒಬ್ಬರು ಬಾಯಿಮಾತಿನಲ್ಲಿ ಹೇಳಿದರು, ದಾಖಲೆ ಇಲ್ಲ.
ಅವನ ಬರಹ ಸಾಲು ಬಿಟ್ಟು ಕೆಳಕ್ಕೆ ಜಾರುತ್ತಿತ್ತು.
ತಿದ್ದಬೇಕೆನಿಸಿತು.

ಮನೆಗೆ ಬರುವಾಗ
ತಾಡಪತ್ರಿಯ ಮೇಲಿನ ಎಲೆ ಕೊಡವಿದೆ.
ಒಂದು ಸಲ ತಳ್ಳಿ ನೋಡಿದೆ. ಜಗ್ಗಲಿಲ್ಲ.
ತಾರೀಖು ಮೂವತ್ತೊಂದು.
ಈ ರಾತ್ರಿ ಯಾರೂ ಏನನ್ನೂ ಸರಿಸಬೇಕಾಗಿಲ್ಲ.